ಪರದೆಯ ಕೆಳಗಿನ ಕಾಲುಗಳು

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಡಬ್ಬಿ ಅಂಟು.

ಮೂರನೇ ತರಗತಿಯ ಮಕ್ಕಳು ಬರೆದ ಚಿತ್ರಗಳನ್ನು ಸಭಾಂಗಣದಲ್ಲಿ ದಾರ ಕಟ್ಟಿ, ಕ್ಲಿಪ್ ಹಾಕಿ ತೂಗುಬಿಡಿ ಎಂದು ಡ್ರಾಯಿಂಗ್ ಮಿಸ್ ಆಯಮ್ಮನಿಗೆ ಸ್ಪಷ್ಟವಾಗಿಯೇ ಹೇಳಿದ್ದಳು. ಆಯಮ್ಮನಿಗೂ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೆ ಆಯಮ್ಮನಿಗೆ ಕ್ಲಿಪ್ಪಿನ ಮೇಲೆ ನಂಬಿಕೆ ಇರಲಿಲ್ಲ. ಫ್ಯಾನ್ ಹಾಕಿದರೆ ಚಿತ್ರಗಳೆಲ್ಲ ಪಾರಿವಾಳದ ಹಿಂಡಿನಂತೆ ಹಾರಿಹೋಗುತ್ತವೆ, ಪಾಪ, ಹುಡುಗಿಯ ಶ್ರಮ ಮಣ್ಣುಪಾಲಾಗುತ್ತದೆ ಎಂದು ಮರುಗಿ, ಒಂದೊಂದು ಚಿತ್ರದ ಬೆನ್ನಿಗೂ ಮೂಲೆಯಿಂದ ಮೂಲೆಗೆ ಅಂಟು ಬಳಿದು, ಹೊಸದಾಗಿ ಬಣ್ಣ ಹೊಡೆಸಿದ್ದ ಗೋಡೆಗೆ ಮಗುವಿನ ಬೆನ್ನು ತಟ್ಟಿದಂತೆ ತಟ್ಟಿ ತಟ್ಟಿ ಅಂಟಿಸಿಬಿಟ್ಟಿದ್ದರು. ಆಮೇಲೆ ಇಡೀ ಸಭಾಂಗಣದ ನೆಲ ಒರೆಸಿ, ಎಲ್ಲರೂ ಚಪ್ಪಲಿ ಹೊರಗೇ ಬಿಡಬೇಕೆಂದು ಬಾಗಿಲಲ್ಲಿ ಒಂದು ಬಕೆಟ್ ಅಡ್ಡ ಇಟ್ಟಿದ್ದರು.

"ನೋಡಮ್ಮ, ಇನ್ನು ಬಿರುಗಾಳಿ ಬಂದ್ರೂ ಅಲ್ಲಾಡಲ್ಲ," ಎಂದರು ಆಯಮ್ಮ, ಕೈಯ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಮಿಸ್ ಗೋಡೆ ನೋಡಿದಳು. ಮಕ್ಕಳ ಹೆಸರುಗಳೆಲ್ಲ ಆ ಚಿತ್ರಗಳ ಬೆನ್ನ ಮೇಲಿದ್ದವು.

"ತುಂಬಾ... ಚೆನ್ನಾಗಿದೆ ಆಯಮ್ಮ," ಎಂದಳು. ಬೇರೆ ಏನು ಹೇಳುವುದಕ್ಕೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಇವಳು ಒಳಗೆ ಕೂತಿದ್ದಾಳೆಂದು ಯಾರಿಗೂ ತಿಳಿಯದೆ ಸ್ಟಾಫ್ ರೂಮಿಗೆ ಎರಡು ಸಲ ಹೊರಗಿನಿಂದ ಬೀಗ ಬಿದ್ದಿತ್ತು. ಎರಡು ಸಲವೂ ಅವಳು ಬಾಗಿಲು ಬಡಿದಿರಲಿಲ್ಲ. ಯಾರಾದರೂ ಬರುತ್ತಾರೆ ಬಿಡು ಎಂದು ಕಿಟಕಿಯ ಹೊರಗಿನ ಮರ ನೋಡುತ್ತ ಕೂತಿದ್ದಳು.

ಅಂಥವಳಿಗೆ ಆ ದಿನ ದೊಡ್ಡ ದಿನ. ಗುರುವಾರದ ಡ್ರಾಯಿಂಗ್ ಪೀರಿಯಡ್ಡಿನ ಮೇಲೆ ಗಣಿತದ ಮೇಷ್ಟ್ರ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. "ಗಿಡ ಗೀಚೋ ಹೊತ್ತಲ್ಲಿ ಭಾಗಾಕಾರ ಕಲಿಸಬಹುದು ಮೇಡಮ್," ಎಂದು ಅವರು ಸಿಕ್ಕಲ್ಲೆಲ್ಲ ಹೆಡ್ ಮಿಸ್ಸಿನ ಕಿವಿ ಕಚ್ಚುತ್ತಿದ್ದರು. ಕೊನೆಗೆ ಹೆಡ್ ಮಿಸ್ ಒಂದು ತೀರ್ಮಾನಕ್ಕೆ ಬಂದಿದ್ದರು: "ಪ್ರದರ್ಶನ ಆಗಲಿ. ಮಕ್ಕಳ ಮನೆಯವರಿಗೆ ಇಷ್ಟ ಆದ್ರೆ ಡ್ರಾಯಿಂಗ್ ಇರಲಿ. ಇಲ್ಲಾಂದ್ರೆ ಆ ಪೀರಿಯಡ್ ಗಣಿತಕ್ಕೆ." ಪೀರಿಯಡ್ ಹೋದರೆ ಮಿಸ್ ಕೂಡ ಹೋದಂತೆಯೇ. ಅವಳು ತಾತ್ಕಾಲಿಕದವಳು. ಅವಳನ್ನು ಆ ಶಾಲೆಗೆ ಅಂಟಿಸಿದ್ದದ್ದು ಒಂದೇ ಒಂದು ಕ್ಲಿಪ್ಪು.

ಚಿತ್ರದ ವಿಷಯ 'ನಾನು'. ಮೊದಲ ಸಲ ಮಕ್ಕಳಿಗೆ ತಮ್ಮ ಚಿತ್ರ ತಾವೇ ಬರೆಯಲು ಹೇಳಿದಾಗ ಎಲ್ಲರೂ ಒಂದೊಂದು ಸೊನ್ನೆ ಬರೆದು, ಒಳಗೆ ಎರಡು ಚುಕ್ಕಿ ಇಟ್ಟು, ಕೆಳಗೆ ಬಾಳೆಹಣ್ಣಿನಂಥ ನಗು ಎಳೆದಿದ್ದರು. ಇಡೀ ತರಗತಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಾಗೆ ಕಂಡಿತ್ತು. ಅದಕ್ಕೇ ಮಿಸ್ ಎರಡನೆಯ ಸಲ ಒಂದು ಕಟ್ಟಳೆ ಮಾಡಿದ್ದಳು: ಮುಖ ಬರೆಯುವ ಹಾಗಿಲ್ಲ. ಮುಖವಿಲ್ಲದೆಯೇ ಇದು ನಮ್ಮ ಮಗು ಎಂದು ಮನೆಯವರಿಗೆ ಗೊತ್ತಾಗಬೇಕು.

"ಮಿಸ್, ಹಿಂದಿನಿಂದ ತಲೆ ಬರೀಬಹುದಾ?" ಎಂದು ಒಬ್ಬ ಕೇಳಿದ್ದ.

"ಮಿಸ್, ಇದು ಸಿಲಬಸ್ಸಲ್ಲಿದೆಯಾ?" ಎಂದು ಮೊದಲ ಬೆಂಚಿನ ಹುಡುಗಿ ಕೇಳಿದ್ದಳು. ಎಲ್ಲ ವಿಷಯಕ್ಕೂ ಅವಳೇ ಮೊದಲು. ಹಾಗಾಗಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಫಸ್ಟ್ ರ‍್ಯಾಂಕು ಎಂದೇ. "ಸರಿ ಉತ್ತರ ಯಾವುದು ಮಿಸ್?"

"ಇದಕ್ಕೆ ಸರಿ ಉತ್ತರ ಅಂತ ಇಲ್ಲ ಪುಟ್ಟಿ."

ಫಸ್ಟ್ ರ‍್ಯಾಂಕಿನ ಮುಖ ಕರೆಂಟ್ ಹೋದ ಮನೆಯಂತಾಗಿತ್ತು.

ಮಕ್ಕಳು ಬರೆಯುತ್ತಿದ್ದಾಗ ಸುಮ್ಮನೆ ಕೂರಲಾರದೆ ಮಿಸ್ಸೂ ಒಂದು ಹಾಳೆ ಎಳೆದುಕೊಂಡಿದ್ದಳು. ಕೈ ತಾನಾಗಿಯೇ ನೀಲಿ ಕ್ರೇಯಾನ್ ಹುಡುಕಿತು. ಒಂದು ದೊಡ್ಡ ನೀಲಿ ಪರದೆ. ಅದರ ಕೆಳಗೆ ಬರಿಗಾಲು ಎರಡು. ಅಷ್ಟೇ. ಬರೆದ ಮೇಲೆ ಅವಳಿಗೇ ನಾಚಿಕೆಯಾಗಿ, ಅದನ್ನು ಮೇಜಿನ ಡ್ರಾಯರಿನ ತಳಕ್ಕೆ ತಳ್ಳಿದ್ದಳು. ಮಕ್ಕಳ ಚಿತ್ರಗಳನ್ನು ಮಾತ್ರ ಬೋರಲು ಮಾಡಿಯೇ ಇಸಿದುಕೊಂಡಿದ್ದಳು. "ನಾನು ನೋಡಲ್ಲ. ಮೊದಲು ನಿಮ್ಮ ಮನೆಯವರೇ ನೋಡಲಿ," ಎಂದು ಮಾತು ಕೊಟ್ಟಿದ್ದಳು. ಮನೆಯವರು ಬಂದು, ತಮ್ಮ ಮಗುವಿನದು ಯಾವುದೆಂದು ಊಹಿಸಿ, ಚಿತ್ರ ತಿರುಗಿಸಿ ಹೆಸರು ನೋಡುವುದು. ಇದು ಆಟ.

ಈಗ ತಿರುಗಿಸಬೇಕಾದರೆ ಗೋಡೆಯನ್ನೇ ತಿರುಗಿಸಬೇಕಿತ್ತು.

ಹೋಗಲಿ ಬಿಡು, ಮಕ್ಕಳೇ ಬಂದು ತೋರಿಸಿದರಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತ ಅವಳ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿ, ಕೆಳಗಿನ ಮೂಲೆಯಲ್ಲಿ, ಒಂದು ನೀಲಿ ಪರದೆ ಇತ್ತು. ಅದರ ಕೆಳಗೆ ಎರಡು ಬರಿಗಾಲು.

ಅವಳು ಆಯಮ್ಮನ ಕಡೆ ತಿರುಗಿದಳು.

"ಆಯಮ್ಮ, ಡ್ರಾಯರಿನಲ್ಲಿ ಇದ್ದದ್ದೂ..."

"ಆ ಮೇಜಲ್ಲಿ ಒಂದು ಚೂರು ಕಾಗದಾನೂ ಬಿಟ್ಟಿಲ್ಲಮ್ಮ. ನನ್ನ ಕೆಲಸ ಅಂದ್ರೆ ಕೆಲಸ."

ಉಗುರಿನಿಂದ ಮೂಲೆ ಕೆರೆದು ನೋಡಿದಳು. ಆಯಮ್ಮನ ಪ್ರೀತಿ ಒಣಗಿ ಕಲ್ಲಾಗಿತ್ತು. ಹತ್ತಿರದಿಂದ ನೋಡಿದರೆ ಹತ್ತು ಬೆರಳುಗಳಿಗೂ ಉಗುರು, ಉಗುರಿನೊಳಗೆ ಅರ್ಧಚಂದ್ರ. ಅವಸರದಲ್ಲಿ ಗೀಚಿದ್ದರೂ ಎಷ್ಟು ಶ್ರದ್ಧೆಯಿಂದ ಬರೆದಿದ್ದೇನಲ್ಲ ಎಂದು ಆ ಗಾಬರಿಯಲ್ಲೂ ಅವಳಿಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಬಕೆಟ್ ಉರುಳಿದ ಸದ್ದು. ಮನೆಯವರು ಬರತೊಡಗಿದ್ದರು.

ಮಕ್ಕಳನ್ನು ಮೈದಾನದಲ್ಲಿ ಆಡಲು ಬಿಟ್ಟು ದೊಡ್ಡವರನ್ನಷ್ಟೇ ಒಳಗೆ ಕರೆದಿದ್ದರು. ಎಲ್ಲರೂ ಬರಿಗಾಲಲ್ಲಿ, ಒರೆಸಿದ ನೆಲದ ತಂಪಿಗೆ ಪಾದ ಮುದುರಿಕೊಳ್ಳುತ್ತ, ಗೋಡೆಯ ಮುಂದೆ ಸಾಲಾಗಿ ನಿಂತರು. ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ, ಕೈಯಲ್ಲಿ ಟಿಕೆಟ್ ಚೀಲ ಹಿಡಿದೇ ಬಂದಿದ್ದ ಬಸ್ ಕಂಡಕ್ಟರ್ ಒಬ್ಬರು ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಅದರಲ್ಲಿ ಒಂದು ಸೀಟಿ, ಅದರ ಸುತ್ತ ಅಲೆ ಅಲೆಯಾಗಿ ಗೆರೆಗಳು.

"ಇದು ನಮ್ಮೋನದು," ಎಂದರು. "ನನ್ನ ಸೀಟಿ ಕದ್ದು ಊದ್ತಾನೆ. ದಿನಾ ಬೈತೀನಿ." ಒಂದು ಕ್ಷಣ ಬಿಟ್ಟು, "ಕೇಳಿಸಲಿ ಅಂತ ಊದ್ತಾನೆ ಅಂತ ಗೊತ್ತಿರಲಿಲ್ಲ," ಎಂದರು.

ಒಬ್ಬ ಅಜ್ಜಿ ಒಂದು ಅಂಗಿಯ ಚಿತ್ರಕ್ಕೆ ಮೂಗು ತಾಗಿಸಿ ನೋಡುತ್ತಿದ್ದರು. ಅದರಲ್ಲಿ ನಡುವಿನ ಗುಂಡಿ ಇರಲಿಲ್ಲ. "ಅಯ್ಯೋ ನನ್ನ ಕಂದಾ, ಇವತ್ತು ಹಾಕ್ತೀನಿ ನಾಳೆ ಹಾಕ್ತೀನಿ ಅಂತ... ಊರಿಗೆಲ್ಲ ಸಾರಿಬಿಟ್ಟೆಯಲ್ಲೋ," ಎಂದು ನಕ್ಕು ಕಣ್ಣೊರೆಸಿಕೊಂಡರು.

ಮಿಸ್ಸಿನ ಕಣ್ಣೂ ಒದ್ದೆಯಾಯಿತು. ಇದಕ್ಕೇ ಅಲ್ಲವೇ ತಾನು ಇಷ್ಟು ಕನಸು ಕಂಡದ್ದು. ಹೆಸರು ಬೆನ್ನಿಗಿದ್ದರೇನು, ಎದೆಗಿದ್ದರೇನು, ಮನೆಯವರು ಗುರುತು ಹಿಡಿಯುತ್ತಿದ್ದರು. ಅವಳು ಮನಸ್ಸಿನಲ್ಲೇ ಎಲ್ಲರಿಗೂ ಕೈ ಮುಗಿದಳು.

"ಸೂರ್ಯ," ಎಂದಿತು ಒಂದು ಗಟ್ಟಿ ದನಿ. ಫಸ್ಟ್ ರ‍್ಯಾಂಕಿನ ತಾಯಿ. ಅವರು ವಕೀಲರು, ಮಾತಾಡಿದರೆ ಎದುರಿನ ಗೋಡೆಯೂ ಎದ್ದು ನಿಲ್ಲುತ್ತದೆ. ಬಿಳಿಯ ಮೋಡದ ನಡುವೆ ಹೊಳೆಯುವ ಹಳದಿ ಗುಂಡನ್ನು ತೋರಿಸುತ್ತ, "ಜ್ಞಾನದ ಸೂರ್ಯ. ನಮ್ಮ ಪುಟ್ಟಿದೇ. ಇಷ್ಟು ಆಲೋಚನೆ ಬೇರೆ ಯಾರಿಗೆ ಬರುತ್ತೆ?" ಎಂದರು. ಯಾರೂ ಆಕ್ಷೇಪಿಸಲಿಲ್ಲ. ವಕೀಲಮ್ಮ ಫೋನು ತೆಗೆದು ಸೂರ್ಯನ ಫೋಟೋ ಹಿಡಿದುಕೊಂಡರು.

ಎಲ್ಲ ನೆಟ್ಟಗೆ ನಡೆಯುತ್ತಿದೆ ಎನ್ನುವಾಗ ಕಂಡಕ್ಟರ್ ಮೂಲೆಯ ಚಿತ್ರದ ಮುಂದೆ ಬಗ್ಗಿದರು.

"ಇದು ಯಾರ ಮಗೂದಪ್ಪ? ಪರದೆ ಹಿಂದೆ ಅಡಗಿ ನಿಂತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯನ್ನು ಒಳಗೊಳಗೇ ತಡವಿ ನೋಡಿಕೊಂಡರು. ನಿನ್ನೆ ಹೋಮ್‌ವರ್ಕಿಗೆ ಕಿವಿ ಹಿಂಡಿದವರು, ಮೊನ್ನೆ ನೀರು ಚೆಲ್ಲಿದ್ದಕ್ಕೆ ಗದರಿದವರು, ಯಾರ ಮುಖದಲ್ಲೂ ರಕ್ತವಿಲ್ಲ.

"ನಮ್ಮನೇಲಿ ನೀಲಿ ಪರದೆ ಇಲ್ಲ," ಎಂದಳು ಒಬ್ಬ ತಾಯಿ, ಯಾರೂ ಕೇಳದಿದ್ದರೂ.

"ನಮ್ಮನೇಲಿ ಪರದೇನೇ ಇಲ್ಲ," ಎಂದ ಇನ್ನೊಬ್ಬ ತಂದೆ.

ಡ್ರಾಯಿಂಗ್ ಮಿಸ್ ಬಾಯಿ ತೆರೆದಳು. "ಅದು... ಅದು ನಿಜವಾಗಿ..." ಆದರೆ ಅಷ್ಟು ಜನ ಒಟ್ಟಿಗೆ ತಿರುಗಿ ನೋಡಿದ ಕೂಡಲೇ ಮಾತು ಬಸವನಹುಳುವಿನಂತೆ ಚಿಪ್ಪಿನೊಳಕ್ಕೆ ಹೋಯಿತು. "...ಕ್ರೇಯಾನ್," ಎಂದು ಮುಗಿಸಿದಳು.

ಸುದ್ದಿ ಹೆಡ್ ಮಿಸ್ಸಿನ ಕೋಣೆಗೆ ಹೋಗಿ, ಅವರನ್ನೂ ಗಣಿತದ ಮೇಷ್ಟ್ರನ್ನೂ ಕರೆದುಕೊಂಡು ಬಂತು. ಹೆಡ್ ಮಿಸ್ ಕನ್ನಡಕ ಏರಿಸಿ ಚಿತ್ರ ನೋಡಿದರು, ಇಳಿಸಿ ನೋಡಿದರು. ಆಮೇಲೆ ಅಂಟು ಮೆತ್ತಿದ ಹೊಸ ಗೋಡೆ ನೋಡಿದರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ನೊಂದರೋ ತಿಳಿಯಲಿಲ್ಲ.

"ಇದೇ ನೋಡಿ ಮೇಡಮ್ ಡ್ರಾಯಿಂಗಿನ ಗತಿ," ಎಂದರು ಗಣಿತದ ಮೇಷ್ಟ್ರು. "ಗಣಿತದಲ್ಲಿ ಯಾವ ಮಗೂನೂ ಹೀಗೆ ಪರದೆ ಹಿಂದೆ ಹೋಗಲ್ಲ."

"ಗಣಿತ ಇದ್ದ ದಿನ ನಮ್ಮೋನು ಮಂಚದ ಕೆಳಗೆ ಹೋಗ್ತಾನೆ ಸಾರ್," ಎಂದರು ಕಂಡಕ್ಟರ್.

ಮೇಷ್ಟ್ರು ಕೇಳಿಸದವರಂತೆ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು.

ಮಿಸ್ ಹೆಡ್ ಮಿಸ್ಸಿನ ಪಕ್ಕಕ್ಕೆ ಸರಿದು, "ಮೇಡಮ್, ಆ ಚಿತ್ರ ನ..." ಎಂದಳು.

"ಗೊತ್ತಮ್ಮ. ನಿಮಗೂ ಎಷ್ಟು ಸಂಕಟ ಅಂತ ಗೊತ್ತು," ಎಂದು ಹೆಡ್ ಮಿಸ್ ಅವಳ ಕೈ ಅದುಮಿ, "ಮಕ್ಕಳನ್ನ ಕರೆಸಿ," ಎಂದರು.

ಅವರು ಬಾಗಿಲಿಗೆ ಹೋದ ಹೊತ್ತು ನೋಡಿ ಮಿಸ್ ಸ್ಟೀಲ್ ಸ್ಕೇಲ್ ತೆಗೆದು ಚಿತ್ರದ ಅಂಚಿಗೆ ತೂರಿಸಿದಳು. ಹೋದರೆ ಹೋಗಲಿ, ಗೋಡೆಯ ಬಣ್ಣವೂ ಹೋಗಲಿ. ಕರ್ ಎಂದಿತು.

"ಏನಮ್ಮ ಇದು, ಸಾಕ್ಷಿ ಅಳಿಸ್ತಿದೀರಾ?" ಬೆನ್ನ ಹಿಂದೆ ವಕೀಲಮ್ಮನ ದನಿ. ಸ್ಕೇಲ್ ಠಣ್ಣೆಂದು ನೆಲಕ್ಕೆ ಬಿತ್ತು. ಅಲ್ಲಿಂದ ಮುಂದೆ ವಕೀಲಮ್ಮ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಮಕ್ಕಳು ಮಣ್ಣು ಮೆತ್ತಿದ ಪಾದಗಳಲ್ಲಿ ನುಗ್ಗಿ ಬಂದವು. ಆಯಮ್ಮ ನೆಲ ನೋಡಿ ಹಣೆ ಚಚ್ಚಿಕೊಂಡರು. ಪ್ರತಿ ಮಗುವೂ ಓಡಿಹೋಗಿ ತನ್ನ ಚಿತ್ರಕ್ಕೆ ಕೈ ಇಟ್ಟು, "ಇದು ನಾನು", "ಇದು ನಾನು" ಎಂದು ಕೂಗಿತು. ಕಂಡಕ್ಟರ್ ಮಗನನ್ನು ಎತ್ತಿಕೊಂಡು, ಟಿಕೆಟ್ ಚೀಲದಿಂದ ನಿಜವಾದ ಸೀಟಿ ತೆಗೆದು ಅವನ ಕೊರಳಿಗೆ ಹಾಕಿದರು. ಅದಕ್ಕಾಗಿ ಆಮೇಲೆ ಇಡೀ ಶಾಲೆ ಪಶ್ಚಾತ್ತಾಪ ಪಟ್ಟಿತು, ಆ ಮಾತು ಬೇರೆ.

ಫಸ್ಟ್ ರ‍್ಯಾಂಕು ಮಾತ್ರ ಓಡಲಿಲ್ಲ. ಬಾಗಿಲ ಹತ್ತಿರವೇ ನಿಂತಿತ್ತು.

"ಬಾ ಪುಟ್ಟಿ. ಸೂರ್ಯ ನಿಂದೇ ಅಲ್ವಾ?" ಎಂದರು ವಕೀಲಮ್ಮ.

ಹುಡುಗಿ ಸೂರ್ಯನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಹೌದೆಂದು ನಿಧಾನವಾಗಿ ತಲೆಯಾಡಿಸಿದಳು.

"ಮಕ್ಕಳೇ," ಎಂದರು ಹೆಡ್ ಮಿಸ್, ಯಾವ ದನಿಯಲ್ಲಿ ಕೇಳಿದರೆ ಯಾವ ಮಗುವೂ ಉತ್ತರ ಕೊಡುವುದಿಲ್ಲವೋ ಅದೇ ದನಿಯಲ್ಲಿ, "ಈ ಪರದೆ ಚಿತ್ರ ಬರೆದದ್ದು ಯಾರು? ಹೆದರಬೇಡಿ. ಏನೂ ಮಾಡಲ್ಲ."

ಏನೂ ಮಾಡಲ್ಲ ಎಂದ ಮೇಲೆ ಏನೋ ಮಾಡುತ್ತಾರೆಂದು ಮಕ್ಕಳಿಗೆ ಖಾತ್ರಿಯಾಯಿತು. ಒಂದು ಕೈಯೂ ಮೇಲೇಳಲಿಲ್ಲ. ಯಾವ ಪ್ರಶ್ನೆಗೂ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಫಸ್ಟ್ ರ‍್ಯಾಂಕು ಕೂಡ ತನ್ನ ಕಾಲ್ಬೆರಳುಗಳನ್ನು ಎಣಿಸುತ್ತ ನಿಂತಿತ್ತು.

"ಎಲ್ಲರದ್ದೂ ಸಿಕ್ಕಿದೆ. ಇವತ್ತು ಯಾರು ಬಂದಿಲ್ಲ?" ಎಂದರು ಗಣಿತದ ಮೇಷ್ಟ್ರು. ಉಳಿದದ್ದನ್ನು ಕಳೆದು ನೋಡುವುದು ಅವರ ರಕ್ತದಲ್ಲೇ ಇತ್ತು.

"ಗುಂಡಣ್ಣ ಬಂದಿಲ್ಲ ಸಾರ್. ಜ್ವರ."

ಗುಂಡಣ್ಣ ಎಂದರೆ ಕೊನೆಯ ಬೆಂಚಿನ ಗುಂಡು ಗುಂಡಗಿನ ಹುಡುಗ. ಮನೆಯಲ್ಲಿ ಅವನೂ ತಾತನೂ ಇಬ್ಬರೇ. ತಾತನಿಗೆ ಶಾಲೆಯ ಹಿಂದಿನ ಬೀದಿಯಲ್ಲಿ ಬೇಕರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇಷ್ಟು ಸಾಕಾಯಿತು.

"ಜ್ವರ ಅಂತ ಹೇಳಿ ಕಳಿಸಿದಾರೆ. ಜ್ವರಾನೋ, ಇನ್ನೇನೋ," ಎಂದಳೊಬ್ಬಳು.

"ಬೇಕರಿ ಒಲೆ ಮುಂದೆ ಕೆಲಸ ಮಾಡಿಸ್ತಾರೇನೋ ಪಾಪ."

"ಆ ತಾತನ ದನಿ ಸ್ವಲ್ಪ ಒರಟೇ. ಮೊನ್ನೆ ಬನ್ನು ಮೆತ್ತಗಿದೆಯಾ ಅಂತ ಕೇಳಿದ್ದಕ್ಕೆ, ತಿಂದು ನೋಡಿ ಅಂದುಬಿಟ್ರು."

ವಕೀಲಮ್ಮ ಎದ್ದು ನಿಂತರು. "ಮಗು ಪರದೆ ಹಿಂದೆ ಅಡಗೋ ಅಷ್ಟು ಹೆದರಿಸಿದಾರೆ ಅಂದ್ಮೇಲೆ ಸುಮ್ಮನಿರೋದು ತಪ್ಪು. ಈಗಲೇ ಎಲ್ಲರೂ ಹೋಗೋಣ. ನಾನು ಮಾತಾಡ್ತೀನಿ. ಅಗತ್ಯ ಬಿದ್ರೆ ಮಗೂನ ಬೇರೆ ಕಡೆ ಇರಿಸೋ ವ್ಯವಸ್ಥೆ ನನಗೆ ಗೊತ್ತು."

ಜನ ಚಪ್ಪಲಿ ಹುಡುಕತೊಡಗಿದರು.

ಡ್ರಾಯಿಂಗ್ ಮಿಸ್ ಬಾಗಿಲ ಕಡೆ ಎರಡು ಹೆಜ್ಜೆ ಓಡಿ ನಿಂತಳು. ಆ ತಾತ ದಿನವೂ ಗೇಟಿನ ಬಳಿ ಮೊಮ್ಮಗನ ನೀರಿನ ಬಾಟಲಿ ಹಿಡಿದು ಕಾಯುವವರು. ಹೋದ ವಾರವಷ್ಟೇ ಅವಳನ್ನು ತಡೆದು ನಿಲ್ಲಿಸಿ, "ನಮ್ಮ ಹುಡುಗ ಗುರುವಾರ ಮಾತ್ರ ಎಬ್ಬಿಸದೇನೇ ಏಳ್ತಾನೆ ತಾಯಿ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಿದ್ದರು. ಆ ಶಾಲೆಗೆ ಬಂದಮೇಲೆ ಅವಳಿಗೆ ಅಂಥ ಮಾತು ಹೇಳಿದವರು ಅವರೊಬ್ಬರೇ. ಅಂಥವರ ಅಂಗಡಿಗೆ ಈ ದಂಡು ನುಗ್ಗುವುದೆಂದರೆ? ತನ್ನ ಎರಡು ಕಾಲುಗಳಿಗಾಗಿ?

ಪೀರಿಯಡ್ ಹೋಗಲಿ, ಕೆಲಸವೂ ಹೋಗಲಿ, ಹೇಳಿಬಿಡುತ್ತೇನೆ ಎಂದುಕೊಂಡಳು. ಸಭಾಂಗಣದ ನಡುವಿಗೆ ಹೋದಳು. ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಇನ್ನೊಮ್ಮೆ ತೆರೆದಳು. "ಅ," ಎಂದಳು. ಮುಂದಿನ ಅಕ್ಷರಕ್ಕೆ ಅಷ್ಟೂ ಜೊತೆ ಕಣ್ಣುಗಳು ಅಡ್ಡ ನಿಂತಿದ್ದವು.

ಹಿಂದೆ ವೇದಿಕೆ ಇತ್ತು. ವೇದಿಕೆಗೆ ಪರದೆ ಇತ್ತು. ಒಗೆದು ಒಗೆದು ಒಂದು ಗೇಣು ಕುಗ್ಗಿದ ಹಳೆಯ ನೀಲಿ ಪರದೆ. ಮಿಸ್ ಹಿಂದೆ ಹಿಂದೆ ಹೆಜ್ಜೆ ಇಟ್ಟು, ಮೆಟ್ಟಿಲು ಹತ್ತಿ, ಅದರ ಹಿಂದೆ ಹೊಕ್ಕುಬಿಟ್ಟಳು.

"ಅದು ಗುಂಡಣ್ಣಂದಲ್ಲ," ಎಂದಿತು ಪರದೆ. "ಅದು ನಾನು."

ಚಪ್ಪಲಿ ಹುಡುಕುತ್ತಿದ್ದ ಕೈಗಳು ನಿಂತವು. ಎಲ್ಲರೂ ವೇದಿಕೆ ನೋಡಿದರು. ನೀಲಿ ಪರದೆ. ಅದರ ಕೆಳಗೆ ಎರಡು ಬರಿಗಾಲು. ಗೋಡೆ ನೋಡಿದರು. ನೀಲಿ ಪರದೆ. ಅದರ ಕೆಳಗೆ ಎರಡು ಬರಿಗಾಲು.

"ಅಯ್ಯೋ, ಪಡಿಯಚ್ಚು," ಎಂದರು ಅಜ್ಜಿ.

"ಮಕ್ಕಳ ಜೊತೆ ನಾನೂ ಒಂದು ಬರೆದೆ. ಅದೂ ಸೇರಿಕೊಂಡಿದೆ," ಎಂದಿತು ಪರದೆ. ಯಾರ ಮುಖವೂ ಕಾಣದ್ದರಿಂದ ದನಿ ಮೆಲ್ಲಗೆ ನೇರವಾಗುತ್ತಿತ್ತು. "ನನ್ನನ್ನ ಯಾರೂ ಹೊಡೆದಿಲ್ಲ. ನಮ್ಮನೆಯವರು ತುಂಬಾ ಒಳ್ಳೆಯವರು. ನಾನೇ ಹೀಗೆ. ಪರದೆ ಹಿಂದೆ ನಿಂತೋರೆಲ್ಲ ಅಳ್ತಿರಲ್ಲ ಮೇಡಮ್. ಇಲ್ಲಿಂದ ಎಲ್ಲಾ ಚೆನ್ನಾಗಿ ಕಾಣುತ್ತೆ. ಸೀಟಿ ಊದೋ ಹುಡುಗ ಕ್ಲಾಸಲ್ಲಿ ಯಾರಾದ್ರೂ ಅತ್ತರೆ ಮೊದಲು ಹೋಗಿ ಪಕ್ಕದಲ್ಲಿ ಕೂರ್ತಾನೆ. ಗುಂಡಿ ಇಲ್ಲದ ಅಂಗಿ ಹುಡುಗ ಅದೇ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸ್ಕೊಳ್ತಾನೆ, ಗುಂಡಿ ಹಾಕಿದ್ರೆ ಬೇಜಾರಾಗ್ತಾನೆ ಅಜ್ಜಿ. ಗುಂಡಣ್ಣ ತಾತ ಕೊಟ್ಟ ಬನ್ನನ್ನ ದಿನಾ ಅರ್ಧ ಮುರಿದು ಪಕ್ಕದವರಿಗೆ ಕೊಡ್ತಾನೆ. ಹಾಗೆ ಕೊಡೋಕೆ ಅವನಿಗೆ ಮನೇಲಿ ಯಾರೋ ಕಲಿಸಿರಬೇಕಲ್ಲ. ಅವರ ಅಂಗಡಿಗೆ ಹೋಗೋದಾದ್ರೆ ಜ್ವರ ಹೇಗಿದೆ ಅಂತ ಕೇಳೋಕೆ ಹೋಗಿ."

ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಒಂದು ಚಿತ್ರವೂ ಅಲ್ಲಾಡಲಿಲ್ಲ. ಆಯಮ್ಮ ಹೆಮ್ಮೆಯಿಂದ ಸುತ್ತ ನೋಡಿದರು.

ಮೊದಲು ಮಾತಾಡಿದವರು ಗಣಿತದ ಮೇಷ್ಟ್ರು. "ಹಾಗಾದ್ರೆ ಗುಂಡಣ್ಣನ ಚಿತ್ರ ಎಲ್ಲಿ? ಒಂದು ಕಡಿಮೆ ಬೀಳುತ್ತಲ್ಲ. ಲೆಕ್ಕ ಕೂಡ್ತಿಲ್ಲ."

"ಸಾರ್, ಎಲ್ಲಾ ಕಡೆ ಲೆಕ್ಕ ತರಬೇಡಿ," ಎಂದರು ಹೆಡ್ ಮಿಸ್, ಮೂಗು ಒರೆಸಿಕೊಳ್ಳುತ್ತ. ಆ ದಿನ ಸರಿಯಾದ ಮಾತು ಆಡಿದವರು ಆ ಮೇಷ್ಟ್ರೊಬ್ಬರೇ. ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ವೇದಿಕೆಯ ಬಳಿ ಬಂದರು. ಪರದೆ ಸರಿಸುವ ಧೈರ್ಯ ಯಾರೂ ಮಾಡಲಿಲ್ಲ. ಬಗ್ಗಿ ಆ ಎರಡು ಪಾದಗಳಿಗೇ ಧನ್ಯವಾದ ಹೇಳಿದರು. "ನಮ್ಮ ಮಗೂನ ಇಷ್ಟು ನೋಡ್ತೀರಿ ಅಂತ ಗೊತ್ತಿರಲಿಲ್ಲಮ್ಮ," ಎಂದರು ಕಂಡಕ್ಟರ್ ಪಾದಗಳಿಗೆ. "ಆ ಗುಂಡಿ ಹಾಕಲ್ಲ ಬಿಡು ತಾಯಿ," ಎಂದರು ಅಜ್ಜಿ. ವಕೀಲಮ್ಮ ಕೂಡ ಬಂದು, "ನನ್ನದು ಸ್ವಲ್ಪ ಅವಸರ ಆಯ್ತು," ಎಂದರು. ಕೇಳಿ ಕೇಳಿ ಎಡಗಾಲಿನ ಹೆಬ್ಬೆರಳು ಸಂಕೋಚದಿಂದ ಬಲಗಾಲಿನ ಮೇಲೆ ಹತ್ತಿ ಕೂತಿತು. ಪರದೆಯ ಒಳಗೆ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಇಷ್ಟು ಜನರ ಋಣವನ್ನು ಹೇಗೆ ತೀರಿಸಲಿ ಎಂದುಕೊಳ್ಳುತ್ತಿದ್ದಳು.

ಅದಕ್ಕೆ ದಾರಿಯನ್ನು ಹೆಡ್ ಮಿಸ್ಸೇ ತೋರಿಸಿದರು.

"ಡ್ರಾಯಿಂಗ್ ಪೀರಿಯಡ್ ಇರುತ್ತೆ," ಎಂದು ಅವರು ಸಾರಿದರು. ಜನ ಚಪ್ಪಾಳೆ ತಟ್ಟಿದರು. "ಮಿಸ್ಸೂ ಇರ್ತಾರೆ." ಮತ್ತೆ ಚಪ್ಪಾಳೆ. "ಇಷ್ಟು ಚೆನ್ನಾಗಿ ಮಾತಾಡೋರನ್ನ ಇಷ್ಟು ದಿನ ಹಿಂದೆ ಇಟ್ಟದ್ದು ನನ್ನ ತಪ್ಪು. ನಾಳೆಯಿಂದ ದಿನಾ ಬೆಳಿಗ್ಗೆ ಪ್ರಾರ್ಥನೆ ಸಭೇಲಿ ಇಡೀ ಶಾಲೆ ಮುಂದೆ ಇವರೇ ಮಾತಾಡ್ತಾರೆ. ಮೈಕು ಇವರದೇ. ಪರದೆ ಇಲ್ಲದೆ."

ಚಪ್ಪಾಳೆಯೋ ಚಪ್ಪಾಳೆ. ಪರದೆಯ ಕೆಳಗಿನ ಪಾದಗಳು ತಣ್ಣಗೆ ಬೆಳ್ಳಗಾದವು.

ಜನ ಎಲ್ಲ ಗುಂಡಣ್ಣನ ಜ್ವರ ವಿಚಾರಿಸಲು ಬೇಕರಿಗೆ ಹೋದ ಮೇಲೆ ಮಿಸ್ ತರಗತಿಗೆ ಬಂದು ಕುರ್ಚಿಯಲ್ಲಿ ಕುಸಿದಳು. ಹಣೆ ಒರೆಸಿಕೊಳ್ಳಲು ಕರವಸ್ತ್ರ ಬೇಕಾಗಿತ್ತು. ಡ್ರಾಯರ್ ಎ‍ಳೆದಳು. ಒಳಗೆ ಹಾಸಿದ್ದ ಹಳೆಯ ಪೇಪರ್ ಸರಿಯಿತು. ಅದರ ಕೆಳಗಿನಿಂದ ಒಂದು ನೀಲಿ ಮೂಲೆ ಇಣುಕಿತು.

ಅವಳದೇ ಪರದೆ. ಅವಳವೇ ಕಾಲುಗಳು. ಅದರಲ್ಲಿ ಉಗುರು ಇರಲಿಲ್ಲ. ಬೆರಳೇ ಇರಲಿಲ್ಲ. ಅವಳು ಬರೆದದ್ದು ಎರಡು ಹಿಮ್ಮಡಿಗಳನ್ನು. ಪರದೆಯೊಳಗಿದ್ದವಳು ಬೆನ್ನು ಹಾಕಿ ನಿಂತಿದ್ದಳು.

"ಮಿಸ್."

ಬಾಗಿಲಲ್ಲಿ ಫಸ್ಟ್ ರ‍್ಯಾಂಕು. ಎರಡು ಕೈಯನ್ನೂ ಮುಂದೆ ಚಾಚಿಕೊಂಡು, ಅಂಗೈ ಮೇಲೆ ಮಾಡಿ ನಿಂತಿತ್ತು.

"ಹೊಡೀರಿ ಮಿಸ್. ನಾನು ಕಾಪಿ ಹೊಡೆದೆ."

ಮಿಸ್ ಡ್ರಾಯರಿನಿಂದ ತಲೆ ಎತ್ತಿದಳು.

"ಎಲ್ಲರೂ ಬರೀತಿದ್ರು. ನನಗೆ ಮಾತ್ರ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ನಾನು ಯಾರು ಅಂತ ಯಾವ ಪಾಠದಲ್ಲೂ ಇಲ್ಲ ಮಿಸ್. ನೀವು ಬರೆದದ್ದು ಕಾಣಿಸ್ತು. ಮಿಸ್ ಬರೆದದ್ದು ಅಂದ್ರೆ ಸರಿ ಉತ್ತರಾನೇ ಇರಬೇಕು ಅಂತ..." ಮೂಗು ಎಳೆದುಕೊಂಡಳು. "ಅದು ಸೂರ್ಯಾನೂ ಅಲ್ಲ. ಗುಂಡಣ್ಣನ ಹುರಿದ ಮೊಟ್ಟೆ. ಅಮ್ಮ ಫೋಟೋ ಹಿಡಿದು ಎಲ್ಲರಿಗೂ ಕಳಿಸಿಬಿಟ್ಟಿದಾರೆ."

ಮಿಸ್ಸಿಗೆ ನಗುವೋ ಅಳುವೋ ತಿಳಿಯಲಿಲ್ಲ. ತಾನು ಇಡೀ ಊರಿನ ಮುಂದೆ ನನ್ನದೆಂದು ಒಪ್ಪಿಕೊಂಡ ಚಿತ್ರ ತನ್ನದಲ್ಲ. ನಾಳೆಯ ಮೈಕು ಮಾತ್ರ ತನ್ನದೇ. ನಿಜ ಹೇಳೋಣವೆಂದರೆ, ಅಡಗಿ ನಿಂತ ಮಗು ಯಾರ ಮನೆಯದೆಂದು ಹುಡುಕುವ ದಂಡು ಈ ಸಲ ನೇರ ವಕೀಲಮ್ಮನ ಮನೆಗೇ ಹೋಗುತ್ತದೆ. ಹೇಳುವ ಹಾಗಿಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅವಳು ಆ ಚಾಚಿದ ಅಂಗೈಗಳನ್ನು ಹಿಡಿದು ಮಡಚಿದಳು.

"ಕಾಪಿ ಹೊಡೆದರೆ ಸರಿಯಾಗಿ ಹೊಡೀಬೇಕು ಪುಟ್ಟಿ. ನನ್ನದರಲ್ಲಿ ಹಿಮ್ಮಡಿ ಇದೆ. ನಿನ್ನದರಲ್ಲಿ ಬೆರಳು ಯಾಕೆ ಬಂತು?"

"ಅದು ನಿಮ್ಮ ತಪ್ಪು ಮಿಸ್. ನಾನು ತಿದ್ದಿದೆ," ಎಂದಳು ಹುಡುಗಿ, ಅಳುವಿನ ನಡುವೆಯೂ ಫಸ್ಟ್ ರ‍್ಯಾಂಕಿನ ಗತ್ತಿನಲ್ಲಿ. "ಹಿಮ್ಮಡಿ ಇದ್ರೆ ಆ ಕಡೆ ಹೊರಟುಹೋಗ್ತಾರೆ. ಬೆರಳು ಇದ್ರೆ ಈ ಕಡೆ ಬರ‍್ತಾರೆ."

ಮಿಸ್ ಡ್ರಾಯರಿನಲ್ಲಿದ್ದ ತನ್ನ ಹಿಮ್ಮಡಿಗಳನ್ನು ನೋಡಿದಳು. ಗೋಡೆಯಿಂದ ಕೀಳಲಾಗದಂತೆ ಅಂಟಿಸಿದ್ದಕ್ಕೆ ಆಯಮ್ಮನಿಗೆ ಮನಸ್ಸಿನಲ್ಲೇ ಇನ್ನೊಮ್ಮೆ ಕೈ ಮುಗಿದಳು.

"ನಾಳೆ ಮೈಕಲ್ಲಿ ಏನು ಮಾತಾಡ್ತೀರಿ ಮಿಸ್?"

"ಗೊತ್ತಿಲ್ಲ ಪುಟ್ಟಿ," ಎಂದಳು. ಗೊತ್ತಿಲ್ಲ ಎಂದರೆ ನಿಜವಾಗಿಯೂ ಗೊತ್ತಿರಲಿಲ್ಲ.

ಫಸ್ಟ್ ರ‍್ಯಾಂಕು ಕಣ್ಣೊರೆಸಿಕೊಂಡು, ಚೀಲದಿಂದ ಪೆನ್ಸಿಲ್ ತೆಗೆದು, ಮೊದಲ ಬೆಂಚಿನಲ್ಲಿ ತನ್ನ ಜಾಗದಲ್ಲಿ ಕೂತಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿತು.

"ನಾನು ಬರೆದುಕೊಡ್ತೀನಿ ಮಿಸ್. ನೀವು ನೋಡಿಕೊಂಡು ಹೇಳಿ. ಯಾರಿಗೂ ಹೇಳಲ್ಲ."